ಲಂಡನ್ನಿನ ಕಿಂಗ್ಸ್ ಕ್ರಾಸ್: ಶಿವಮೊಗ್ಗ, ಭದ್ರಾವತಿಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಲಂಡನ್ನಿನಲ್ಲಿ ಹಾಳು ಬಿದ್ದಿದ್ದ ರೈಲ್ವೆ ಜಾಗವೊಂದನ್ನು ಮತ್ತೆ ಊರಾಗಿ ಕಟ್ಟಿದ ವಿಷಯವನ್ನು ನಾನು ಇಲ್ಲಿ ತುಂಬಾ ಜನರಿಗೆ ಹೇಳಿದ್ದೇನೆ. ಭದ್ರಾವತಿಯಲ್ಲಿ ಹೇಳಿದರೆ ಒಂದು ಥರದ ಪ್ರಶ್ನೆ ಬರುತ್ತದೆ. ದುರ್ಗಿಗುಡಿಯಲ್ಲಿ ಹೇಳಿದರೆ ಇನ್ನೊಂದು ಥರ. ಮಕ್ಕಳನ್ನು ಅಲ್ಲಿಗೆ ಓದಲು ಕಳಿಸುವವರ ಪ್ರಶ್ನೆಯೇ ಬೇರೆ. ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ, ನಿಮಗೆ ಬೇಕಾದ್ದನ್ನು ಓದಿ.

ಕಿಂಗ್ಸ್ ಕ್ರಾಸ್ ಅಂದರೆ ರೈಲ್ವೆ ಸ್ಟೇಷನ್ ಅಲ್ವಾ?

ಸ್ಟೇಷನ್ನೂ ಹೌದು, ಅದರ ಹಿಂದಿನ ಪ್ರದೇಶವೂ ಹೌದು. ಕಿಂಗ್ಸ್ ಕ್ರಾಸ್ ಮತ್ತು ಸೇಂಟ್ ಪ್ಯಾಂಕ್ರಾಸ್ ಅನ್ನುವ ಎರಡು ದೊಡ್ಡ ಸ್ಟೇಷನ್ನುಗಳು ಅಕ್ಕಪಕ್ಕದಲ್ಲಿವೆ. ಅವುಗಳ ಹಿಂದೆ, ಉತ್ತರಕ್ಕೆ ಚಾಚಿಕೊಂಡಿರುವ 67 ಎಕರೆ ಜಾಗದ ಬಗ್ಗೆ ನಾನು ಹೇಳುತ್ತಿರುವುದು. ಮಧ್ಯದಲ್ಲಿ ರೀಜೆಂಟ್ಸ್ ಕಾಲುವೆ ಹಾದುಹೋಗುತ್ತದೆ. ಹಳೆಯದು, ಹೊಸದು ಸೇರಿ ಸುಮಾರು 50 ಕಟ್ಟಡ, 20 ಹೊಸ ರಸ್ತೆ, 10 ಚೌಕ ಮತ್ತು ಪಾರ್ಕು, 1,900ರ ಹತ್ತಿರ ಮನೆಗಳು ಆ ಯೋಜನೆಯಲ್ಲಿವೆ. ಜೊತೆಗೆ ಕಾಲೇಜು, ಶಾಲೆ, ಆಫೀಸು, ಅಂಗಡಿ, ಹೋಟೆಲು. ಎನ್1ಸಿ ಅಂತ ಹೊಸ ಪೋಸ್ಟ್ ಕೋಡ್ ಕೂಡ ಕೊಟ್ಟಿದ್ದಾರೆ.

ಲಂಡನ್ನಿನ ಉಸಾಬರಿ ನಮಗ್ಯಾಕೆ?

ನಮ್ಮ ಜಿಲ್ಲೆಯಲ್ಲೂ ಅಂಥ ಜಾಗ ಇದೆ, ಅದಕ್ಕೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಶುರುವಾಗಿದ್ದು 1923ರಲ್ಲಿ. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಇದ್ದಿಲು, ಭದ್ರಾ ನದಿಯ ನೀರು, ಇವೆಲ್ಲ ಸೇರಿ ನಡೆದ ಕಾರ್ಖಾನೆ ಅದು. 2023ರ ಜನವರಿಯಲ್ಲಿ ಅದನ್ನು ಮುಚ್ಚುವ ತೀರ್ಮಾನ ಹೊರಬಿತ್ತು. ಗುತ್ತಿಗೆ ಕಾರ್ಮಿಕರು ಬೀದಿಗಿಳಿದರು. ಎಂಪಿಎಂನಲ್ಲಿ, ಅಂದರೆ ಮೈಸೂರು ಪೇಪರ್ ಮಿಲ್ಸ್‌ನಲ್ಲಿ, ಕಾಗದ ತಯಾರಿ ನಿಂತು ಎಷ್ಟೋ ವರ್ಷ ಆಯಿತು. ಪೇಪರ್ ಟೌನ್‌ನಲ್ಲಿ, ನ್ಯೂ ಟೌನ್‌ನಲ್ಲಿ ಸುಮ್ನೆ ಒಂದು ಸುತ್ತು ಹಾಕಿ ಬನ್ನಿ, ಖಾಲಿ ಕ್ವಾರ್ಟರ್ಸ್ ನೋಡಿದರೆ ಹೊಟ್ಟೆ ಉರಿಯುತ್ತದೆ.

ಇಂಥ ಜಾಗಕ್ಕೆ ನಾಳೆ ಯಾರಾದರೂ ಒಂದು ಚಂದದ ನಕ್ಷೆ ಹಿಡಿದುಕೊಂಡು ಬರಬಹುದು. ಆಗ ಏನು ಕೇಳಬೇಕು ಅಂತ ನಮಗೆ ಮೊದಲೇ ಗೊತ್ತಿರಬೇಕು. ಅದಕ್ಕೆ ಇಷ್ಟೆಲ್ಲ ಬರೆದದ್ದು.

ಮೊದಲು ಅಲ್ಲಿ ಏನಿತ್ತು?

ಲಂಡನ್ನಿನ ಹೊಟ್ಟೆಗೂ ಒಲೆಗೂ ಬೇಕಾದ್ದು ಬಂದು ಇಳಿಯುತ್ತಿದ್ದ ಜಾಗ ಅದು. 1820ರಲ್ಲಿ ಕಾಲುವೆ ಬಂತು. 1820ರ ದಶಕದಲ್ಲೇ ಕಲ್ಲಿದ್ದಲಿನಿಂದ ಗ್ಯಾಸ್ ಮಾಡುವ ಕಾರ್ಖಾನೆ ಬಂತು. 1852ರಲ್ಲಿ ಕಿಂಗ್ಸ್ ಕ್ರಾಸ್ ಸ್ಟೇಷನ್ ತೆರೆದರು, ಲೂಯಿಸ್ ಕ್ಯುಬಿಟ್ ಅದರ ವಿನ್ಯಾಸಕಾರ. ಅದೇ ಹೊತ್ತಿಗೆ ಅವರೇ ಹಿಂದೆ ಒಂದು ದೊಡ್ಡ ಕಣಜ ಕಟ್ಟಿದರು. ಲಿಂಕನ್‌ಶೈರಿನ ಗೋಧಿ ರೈಲಿನಲ್ಲಿ ಬಂದು ಅಲ್ಲಿ ಇಳಿಯುತ್ತಿತ್ತು. ಅಲ್ಲಿಂದ ಲಂಡನ್ನಿನ ಬೇಕರಿಗಳಿಗೆ ಹೋಗುತ್ತಿತ್ತು. ದೋಣಿಗಳು ಕಾಲುವೆಯಿಂದ ಸೀದಾ ಕಟ್ಟಡದ ಕೆಳಗೇ ಬರುವ ಹಾಗೆ ನೀರಿನ ದಾರಿ ಮಾಡಿದ್ದರು. ಪಕ್ಕದಲ್ಲಿ ಕಲ್ಲಿದ್ದಲು ಇಳಿಸುವ ಉದ್ದನೆಯ ಇಟ್ಟಿಗೆ ಕಟ್ಟಡಗಳು. ವ್ಯಾಗನ್ನು ಮೇಲೆ ಬರುತ್ತಿತ್ತು, ಕಲ್ಲಿದ್ದಲು ಕೆಳಗಿನ ತೊಟ್ಟಿಗೆ ಬೀಳುತ್ತಿತ್ತು, ಅಲ್ಲಿಂದ ಗಾಡಿಗೆ. 1868ರಲ್ಲಿ ಬಂದ ಸೇಂಟ್ ಪ್ಯಾಂಕ್ರಾಸ್ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನ ಅಡಿಯಲ್ಲಂತೂ ಬಿಯರ್ ಪೀಪಾಯಿಗಳ ನೆಲಮಾಳಿಗೆಯೇ ಇತ್ತು. ಬಿಯರ್ ಬರುತ್ತಿದ್ದದ್ದು ಬರ್ಟನ್ ಅನ್ನುವ ಊರಿನಿಂದ.

ಒಟ್ಟಿನಲ್ಲಿ ಅದು ದುಡಿಮೆಗಾರರ ಜಾಗ. ಹಮಾಲರು, ಗಾಡಿಯವರು, ಕುದುರೆ ನೋಡಿಕೊಳ್ಳುವವರು, ಕಲ್ಲಿದ್ದಲು ಹೊರುವವರು.

ಅದು ಹಾಳಾಗಿದ್ದು ಹೇಗೆ?

ಎರಡನೇ ಮಹಾಯುದ್ಧದ ನಂತರ ಸರಕು ರಸ್ತೆಗೆ ಬಂತು. ಲಾರಿ ಜಾಸ್ತಿಯಾಯಿತು, ಗೂಡ್ಸ್ ರೈಲು ಕಡಿಮೆಯಾಯಿತು. ಮನೆಗಳಿಗೆ ಬೇರೆ ಥರದ ಗ್ಯಾಸ್ ಬಂತು, ಕಲ್ಲಿದ್ದಲು ಸುಡುವುದು ನಿಂತಿತು. ಗೋದಾಮುಗಳು ಖಾಲಿಯಾದವು. 1980ರ ದಶಕದ ಹೊತ್ತಿಗೆ ಕಿಂಗ್ಸ್ ಕ್ರಾಸ್ ಅಂದರೆ ಡ್ರಗ್ಸ್, ವೇಶ್ಯಾವಾಟಿಕೆ ಅನ್ನುವ ಕೆಟ್ಟ ಹೆಸರು ಬಂದಿತ್ತು. 1987ರ ನವೆಂಬರ್ 18ರಂದು ಸ್ಟೇಷನ್ನಿನ ನೆಲದಡಿಯ ಮೆಟ್ರೊದಲ್ಲಿ ಮರದ ಎಸ್ಕಲೇಟರಿಗೆ ಬೆಂಕಿ ಹತ್ತಿ 31 ಜನ ಸತ್ತರು. ಲಂಡನ್ನಿನ ಹಳಬರು ಈಗಲೂ ಆ ದಿನ ಮರೆತಿಲ್ಲ.

ಆದರೆ ಆಗಲೂ ಅದು ಪೂರ್ತಿ ಸತ್ತ ಜಾಗ ಆಗಿರಲಿಲ್ಲ. ಬಾಡಿಗೆ ಕಡಿಮೆ ಅಂತ ಕಲಾವಿದರು, ಸಣ್ಣ ವರ್ಕ್‌ಶಾಪಿನವರು ಬಂದಿದ್ದರು. ಗೋದಾಮುಗಳಲ್ಲಿ ನೈಟ್ ಕ್ಲಬ್ಬುಗಳಿದ್ದವು. "ಅಲ್ಲಿ ಏನೂ ಇರಲಿಲ್ಲ" ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಯಾವ ಊರಿನ ಯಾವ ಜಾಗದ ಬಗ್ಗೆ ಹೇಳಿದರೂ ಅಷ್ಟೇ.

ಹೊಸದಾಗಿ ಕಟ್ಟುವ ಯೋಚನೆ ಯಾವಾಗ ಬಂತು?

1980ರ ದಶಕದ ಕೊನೆಗೇ ಒಂದು ದೊಡ್ಡ ಯೋಜನೆ ಬಂದಿತ್ತು, ನಾರ್ಮನ್ ಫಾಸ್ಟರ್ ಅದರ ನಕ್ಷೆ ಮಾಡಿದ್ದರು. ಆಮೇಲೆ ಕಟ್ಟಡಗಳ ಮಾರುಕಟ್ಟೆಯೇ ಕುಸಿಯಿತು, ಯೋಜನೆ ಬಿದ್ದುಹೋಯಿತು. 1996ರಲ್ಲಿ ಪ್ಯಾರಿಸ್ ಕಡೆ ಹೋಗುವ ವೇಗದ ರೈಲನ್ನು ಸೇಂಟ್ ಪ್ಯಾಂಕ್ರಾಸಿಗೆ ತರುವುದು ಅಂತ ತೀರ್ಮಾನ ಆಯಿತು. ಅಲ್ಲಿಂದ ಎಲ್ಲ ಬದಲಾಯಿತು. ಸ್ಟೇಷನ್ನಿಗೆ ಸರ್ಕಾರದ ಹಣ ಬರುತ್ತದೆ ಅಂತ ಖಾತ್ರಿಯಾದ ಮೇಲೆ ಹಿಂದಿನ ಜಾಗಕ್ಕೂ ಬೆಲೆ ಬಂತು. ಯೂರೋಸ್ಟಾರ್ ಅನ್ನುವ ಆ ವೇಗದ ರೈಲು ಅಲ್ಲಿಂದ ಹೊರಟಿದ್ದು 2007ರ ನವೆಂಬರಿನಲ್ಲಿ.

ಇದನ್ನು ಸ್ವಲ್ಪ ಒತ್ತಿ ಹೇಳಬೇಕು. ಖಾಸಗಿಯವರ ಜಾಣತನದಿಂದ ಮಾತ್ರ ಆದ ಕೆಲಸ ಇದಲ್ಲ. ಮೊದಲು ಬಂದದ್ದು ರೈಲು, ಅದು ಜನರ ತೆರಿಗೆ ಹಣ. ಆರು ಮೆಟ್ರೊ ಲೈನುಗಳು ಅಲ್ಲಿ ಸೇರುತ್ತವೆ.

ಜಾಗ ಯಾರದ್ದು? ಕಟ್ಟಿದವರು ಯಾರು?

ಜಾಗ ಮುಖ್ಯವಾಗಿ ಇಬ್ಬರದ್ದಾಗಿತ್ತು. ಲಂಡನ್ ಅಂಡ್ ಕಾಂಟಿನೆಂಟಲ್ ರೈಲ್ವೇಸ್ ಅನ್ನುವ ರೈಲ್ವೆ ಕಂಪನಿ ಒಂದು, ಸರಕು ಸಾಗಣೆಯ ಎಕ್ಸೆಲ್ ಕಂಪನಿ ಇನ್ನೊಂದು. ಎಕ್ಸೆಲ್ ಆಮೇಲೆ ಡಿಎಚ್‌ಎಲ್ ಪಾಲಾಯಿತು. ಇವರು ಜಾಗ ಮಾರಿ ಕೈ ತೊಳೆದುಕೊಳ್ಳಲಿಲ್ಲ. ಆರ್ಜೆಂಟ್ ಅನ್ನುವ ಕಟ್ಟಡ ಕಂಪನಿಯನ್ನು ಆರಿಸಿ, ಅವರ ಜೊತೆ ಪಾಲುದಾರರಾದರು. ಬೆಲೆ ಏರಿದರೆ ಭೂಮಿ ಕೊಟ್ಟವರಿಗೂ ಲಾಭ, ಇಳಿದರೆ ಇವರಿಗೂ ನಷ್ಟ. ಹಾಗಾಗಿ ಗಡಿಬಿಡಿಯಲ್ಲಿ ಒಂದಷ್ಟು ಟವರ್ ಎಬ್ಬಿಸಿ ಮಾರಿ ಓಡಿಹೋಗುವ ಆಸೆ ಯಾರಿಗೂ ಇರಲಿಲ್ಲ.

ಒಡೆತನ ಆಮೇಲೆ ಬದಲಾಯಿತು. 2016ರಲ್ಲಿ ಬ್ರಿಟನ್ ಸರ್ಕಾರ ಆ ರೈಲ್ವೆ ಕಂಪನಿಯ ಮೂಲಕ ತನಗಿದ್ದ 36.5% ಪಾಲನ್ನು 37.1 ಕೋಟಿ ಪೌಂಡಿಗೆ ಮಾರಿತು. ಕೊಂಡದ್ದು ಆಸ್ಟ್ರೇಲಿಯಾದ ನೌಕರರ ಪಿಂಚಣಿ ನಿಧಿ, ಆಸ್ಟ್ರೇಲಿಯನ್‌ಸೂಪರ್. ನನ್ನ ಮಟ್ಟಿಗೆ ಇದು ಬೇಸರದ ವಿಷಯ. ಹಣ ಬಂತು ನಿಜ, ಆದರೆ ಊರಿನ ನಡುವಿನ ಅಷ್ಟು ದೊಡ್ಡ ಜಾಗದಲ್ಲಿ ಸರ್ಕಾರಕ್ಕಿದ್ದ ಮಾಲೀಕನ ಮಾತು ಹೋಯಿತು.

ಅಷ್ಟು ವರ್ಷ ಯಾಕೆ ಬೇಕಾಯಿತು?

2000ರ ಆಸುಪಾಸು ಆರ್ಜೆಂಟ್ ಕಂಪನಿ ಕೆಲಸಕ್ಕೆ ಇಳಿಯಿತು. 2001ರಲ್ಲಿ ಅವರು ಮೊದಲು ಪ್ರಕಟಿಸಿದ್ದು ನಕ್ಷೆಯಲ್ಲ, ಊರು ಮನುಷ್ಯರಿಗಾಗಿ ಹೇಗಿರಬೇಕು ಅನ್ನುವ ಹತ್ತು ತತ್ವಗಳ ಸಣ್ಣ ಪುಸ್ತಿಕೆ. ಆಮೇಲೆ ವರ್ಷಗಟ್ಟಲೆ ಸಭೆಗಳು. ಕಂಪನಿಯ ಮುಖ್ಯಸ್ಥ ರೋಜರ್ ಮ್ಯಾಡೆಲಿನ್ ಸ್ವತಃ ಸಭೆಗಳಿಗೆ ಹೋಗಿ ಜನರ ಎದುರು ಕೂರುತ್ತಿದ್ದರು. 2004ರಲ್ಲಿ ಅರ್ಜಿ ಹಾಕಿದರು, 2006ರ ಕೊನೆಗೆ ಆ ಭಾಗದ ಸ್ಥಳೀಯ ಆಡಳಿತವಾದ ಕ್ಯಾಮ್ಡನ್ ಕೌನ್ಸಿಲ್ ಅನುಮತಿ ಕೊಟ್ಟಿತು. ಸ್ಥಳೀಯರ ಸಂಘಟನೆಯೊಂದು ಅದನ್ನು ಪ್ರಶ್ನಿಸಿ ಕೋರ್ಟಿಗೆ ಹೋಯಿತು, 2007ರಲ್ಲಿ ಅವರ ಅರ್ಜಿ ವಜಾ ಆಯಿತು. ಸೋತರು ಅಂತ ಅವರನ್ನು ಹಗುರವಾಗಿ ನೋಡಬೇಡಿ. ಸ್ಥಳೀಯರಿಗೆ ಏನು ಸಿಗುತ್ತದೆ ಅಂತ ಹಟ ಹಿಡಿದು ಕೇಳಿದವರು ಅವರು.

ಅನುಮತಿಯಲ್ಲೂ ಒಂದು ಜಾಣತನ ಇತ್ತು. ಪ್ರತಿ ಕಟ್ಟಡ ಹೀಗೇ ಇರಬೇಕು ಅಂತ ಮೊದಲೇ ಬಿಗಿಯಲಿಲ್ಲ. ರಸ್ತೆ, ಚೌಕ, ಎತ್ತರದ ಮಿತಿ ಇವು ಗಟ್ಟಿ. ಒಳಗೆ ಮನೆ ಎಷ್ಟು, ಆಫೀಸು ಎಷ್ಟು ಅನ್ನುವುದರಲ್ಲಿ ಸ್ವಲ್ಪ ಸಡಿಲ. 2008ರಲ್ಲಿ ಜಗತ್ತಿನ ಆರ್ಥಿಕತೆ ಬಿದ್ದಾಗ ಯೋಜನೆ ಉಳಿದದ್ದಕ್ಕೆ ಇದೂ ಒಂದು ಕಾರಣ ಅಂತ ನನಗನಿಸುತ್ತದೆ.

ಮಿಕ್ಸೆಡ್ ಯೂಸ್ ಅಂತಾರಲ್ಲ, ಹಾಗಂದರೆ?

ಒಂದೇ ಜಾಗದಲ್ಲಿ ವಾಸ, ಕೆಲಸ, ವ್ಯಾಪಾರ, ಓದು ಎಲ್ಲ ಇರುವುದು. ನಮ್ಮ ಗಾಂಧಿ ಬಜಾರಿನಲ್ಲಿ ಕೆಳಗೆ ಅಂಗಡಿ, ಹಿಂದೆ ಗೋದಾಮು, ಮೇಲೆ ಮನೆ ಇರುತ್ತದಲ್ಲ, ಅದೇ. ಇದರಲ್ಲಿ ದೊಡ್ಡ ಹೊಸತೇನಿಲ್ಲ. ಬರೀ ಆಫೀಸಿದ್ದರೆ ಸಂಜೆ ಏಳಕ್ಕೆ ಬೀದಿ ಖಾಲಿ, ಬರೀ ಮನೆಯಿದ್ದರೆ ಹಗಲು ಖಾಲಿ. ಎಲ್ಲ ಕಲಸಿದರೆ ಬೆಳಗ್ಗೆಯಿಂದ ರಾತ್ರಿವರೆಗೆ ಜನ ಇರುತ್ತಾರೆ. ಹೆಣ್ಣುಮಕ್ಕಳು ಒಬ್ಬರೇ ಓಡಾಡಲು ಅದು ಎಷ್ಟು ಮುಖ್ಯ ಅಂತ ಬಿಡಿಸಿ ಹೇಳಬೇಕಿಲ್ಲ.

ಹಳೇ ಕಟ್ಟಡ ಕೆಡವಿದ್ದರೆ ಖರ್ಚು ಕಡಿಮೆ ಆಗುತ್ತಿರಲಿಲ್ವಾ?

ಆಗುತ್ತಿತ್ತೋ ಏನೋ. ಆದರೆ ಕೆಡವಿದ್ದರೆ ಅದು ಜಗತ್ತಿನ ಯಾವ ಊರಿನಲ್ಲಿ ಬೇಕಾದರೂ ಇರಬಹುದಾದ ಗಾಜಿನ ಪೆಟ್ಟಿಗೆಗಳ ಸಾಲು ಆಗುತ್ತಿತ್ತು. ಅಲ್ಲಿನ ಹಲವು ಕಟ್ಟಡಗಳಿಗೆ ಕಾನೂನಿನ ರಕ್ಷಣೆ ಇತ್ತು. ಕೆಡವಲು ಬರುತ್ತಿರಲಿಲ್ಲ. ಆದರೆ ಕಾನೂನಿಗೆ ಹೆದರಿ ಒಂದು ಮೂಲೆಯಲ್ಲಿ ಬೇಲಿ ಹಾಕಿ ಬಿಡುವುದು ಬೇರೆ, ಅದನ್ನೇ ಊರಿನ ಎದೆಯಾಗಿ ಮಾಡಿಕೊಳ್ಳುವುದು ಬೇರೆ. ಇವರು ಎರಡನೆಯದನ್ನು ಮಾಡಿದರು.

ನನಗೆ ತುಂಬಾ ಇಷ್ಟವಾದದ್ದು ಗ್ಯಾಸ್ ಹೋಲ್ಡರುಗಳು. ಹಿಂದೆ ಗ್ಯಾಸ್ ತುಂಬಿಡಲು ಎರಕದ ಕಬ್ಬಿಣದ ಕಂಬಗಳ ದೊಡ್ಡ ದೊಡ್ಡ ವೃತ್ತಾಕಾರದ ಚೌಕಟ್ಟುಗಳಿದ್ದವು. ಒಳಗಿನ ತೊಟ್ಟಿ ಗ್ಯಾಸ್ ತುಂಬಿದಾಗ ಮೇಲೇಳುತ್ತಿತ್ತು, ಖಾಲಿಯಾದಾಗ ಇಳಿಯುತ್ತಿತ್ತು. ಅವು ಕೆಲಸ ನಿಲ್ಲಿಸಿದ್ದು 2000ದಲ್ಲಿ. ಕಂಬಗಳನ್ನು ಒಂದೊಂದಾಗಿ ಬಿಚ್ಚಿ, ಯಾರ್ಕ್‌ಶೈರಿಗೆ ಸಾಗಿಸಿ, ಹಳೇ ಬಣ್ಣದ ಪದರಗಳನ್ನೆಲ್ಲ ತೆಗೆದು, ರಿಪೇರಿ ಮಾಡಿ, ತಂದು ಕಾಲುವೆಯ ದಡದಲ್ಲಿ ಮತ್ತೆ ನಿಲ್ಲಿಸಿದರು. ಒಂದು ಚೌಕಟ್ಟಿನ ಒಳಗೆ ಈಗ ಪಾರ್ಕಿದೆ, ಹುಲ್ಲಿನ ಮೇಲೆ ಯಾರು ಬೇಕಾದರೂ ಕೂರಬಹುದು. ಒಂದಕ್ಕೊಂದು ಹೆಣೆದುಕೊಂಡ ಇನ್ನು ಮೂರರ ಒಳಗೆ 145 ಫ್ಲಾಟುಗಳಿವೆ. ಫ್ಲಾಟುಗಳು ಶ್ರೀಮಂತರಿಗೆ, ಅದು ಬೇರೆ ಮಾತು. ಆದರೆ ತುಕ್ಕು ಹಿಡಿದ ಕಬ್ಬಿಣಕ್ಕೆ ಅಷ್ಟು ಮರ್ಯಾದೆ ಕೊಟ್ಟರಲ್ಲ! ಭದ್ರಾವತಿಯ ಯಾವ ಕಾರ್ಮಿಕನಿಗೆ ತೋರಿಸಿದರೂ ಆ ಕೆಲಸದ ಬೆಲೆ ತಕ್ಷಣ ಗೊತ್ತಾಗುತ್ತದೆ.

ಮಾಲ್ ಮೊದಲು ಕಟ್ಟಿದರಾ, ಆಫೀಸಾ?

ಎರಡೂ ಅಲ್ಲ. ಮೊದಲು ದೊಡ್ಡದಾಗಿ ಬಂದದ್ದು ಕಾಲೇಜು. ಹಳೇ ಕಣಜವನ್ನು ಸೆಂಟ್ರಲ್ ಸೇಂಟ್ ಮಾರ್ಟಿನ್ಸ್ ಅನ್ನುವ ಕಲಾ ಕಾಲೇಜಿಗೆ ಕೊಟ್ಟರು. 2011ರಲ್ಲಿ ಸಾವಿರಾರು ವಿದ್ಯಾರ್ಥಿಗಳು ಅಲ್ಲಿಗೆ ಬಂದರು. ಸುತ್ತ ಇನ್ನೂ ಕ್ರೇನುಗಳು ನಿಂತಿದ್ದವು, ಧೂಳು, ತಗಡಿನ ಬೇಲಿ. ಹುಡುಗರು ಬಂದ ಮೇಲೆ ಚಹಾ, ಕಾಫಿ, ತಿಂಡಿ ಅಂಗಡಿ ಬಂದವು. 2012ರಲ್ಲಿ ಕಣಜದ ಮುಂದಿನ ಚೌಕ ತೆರೆದರು, ನೆಲದಿಂದಲೇ ಚಿಮ್ಮುವ 1,080 ಕಾರಂಜಿಗಳ ಜೊತೆ. ಬೇಸಿಗೆಯಲ್ಲಿ ಸುತ್ತಲಿನ ಕೇರಿಯ ಮಕ್ಕಳೆಲ್ಲ ಅಲ್ಲಿ ನೆನೆಯುತ್ತಾ ಕುಣಿಯುತ್ತಿರುತ್ತಾರೆ. ದುಡ್ಡಿಲ್ಲ, ಟಿಕೆಟ್ಟಿಲ್ಲ.

ಗೂಗಲ್ ಜಾಗ ಕೊಂಡದ್ದು ಅದಾದ ಮೇಲೆ, 2013ರಲ್ಲಿ. ಅಂಗಡಿ ಬೀದಿ ಬಂದದ್ದು 2018ರ ಅಕ್ಟೋಬರಿನಲ್ಲಿ. ನಾನು ಎಲ್ಲರಿಗೂ ಹೇಳುವುದು ಈ ಸಾಲನ್ನೇ: ಮೊದಲು ರೈಲು, ಆಮೇಲೆ ಓದುವವರು, ಆಮೇಲೆ ಕೂರುವ ಜಾಗ, ಆಮೇಲೆ ಕಂಪನಿ, ಕೊನೆಗೆ ವ್ಯಾಪಾರ. ನಮ್ಮ ಕಡೆ ಎಷ್ಟೋ ಯೋಜನೆಗಳು ಇದನ್ನು ತಲೆಕೆಳಗು ಮಾಡುತ್ತವೆ. ಕಾಂಪ್ಲೆಕ್ಸ್ ಕಟ್ಟಿ ಹರಾಜು ಹಾಕುತ್ತಾರೆ, ಆಮೇಲೆ ಫುಟ್‌ಪಾತ್ ನೆನಪಾಗುತ್ತದೆ.

ಅಂಗಡಿ ಬೀದಿ ಹೇಗಿದೆ?

ಕಲ್ಲಿದ್ದಲು ಇಳಿಸುತ್ತಿದ್ದ ಎರಡು ಉದ್ದ ಕಟ್ಟಡಗಳ ಚಾವಣಿಗಳನ್ನು ಬಾಗಿಸಿ ಮಧ್ಯದಲ್ಲಿ ಮುಟ್ಟಿಸಿದ್ದಾರೆ. ಥಾಮಸ್ ಹೆದರ್‌ವಿಕ್ ಅವರ ವಿನ್ಯಾಸ, ಹೆಸರು ಕೋಲ್ ಡ್ರಾಪ್ಸ್ ಯಾರ್ಡ್. ನೋಡಲು ಚೆನ್ನಾಗಿದೆ. ಆದರೆ ಬೆಲೆ ವಿಪರೀತ, ಪಕ್ಕದ ಸರ್ಕಾರಿ ಮನೆಗಳಲ್ಲಿರುವವರು ಅಲ್ಲಿ ಏನು ಕೊಳ್ಳಬೇಕು? ಇಡೀ ಯೋಜನೆಯಲ್ಲಿ ನನಗೆ ಅಷ್ಟಾಗಿ ಹಿಡಿಸದ ಭಾಗ ಇದೇ.

ಜನರನ್ನು ಒಕ್ಕಲೆಬ್ಬಿಸಿದರಾ?

ಸಾಗರ, ಹೊಸನಗರದ ಕಡೆಯವರು ಇದನ್ನೇ ಮೊದಲು ಕೇಳುತ್ತಾರೆ. ಕೇಳಲೇಬೇಕು. 1964ರಲ್ಲಿ ಲಿಂಗನಮಕ್ಕಿ ಕಟ್ಟಿದಾಗ ಮುಳುಗಡೆಯಾದ ಕುಟುಂಬಗಳು ಹಕ್ಕುಪತ್ರಕ್ಕಾಗಿ ಇವತ್ತಿಗೂ ಅಲೆಯುತ್ತಿವೆ. ಬೇರೆಯವರ ಮನೆಗೆ ಬೆಳಕು ಬರಲಿ ಅಂತ ಕತ್ತಲೆಗೆ ಹೋದವರು ಅವರು.

ಈ ಯೋಜನೆಯಲ್ಲಿ ಎಬ್ಬಿಸಿದವರ ಸಂಖ್ಯೆ ಕಡಿಮೆ. ಜಾಗ ಬಹುಪಾಲು ರೈಲ್ವೆಯದ್ದು, ಗೋದಾಮಿನದ್ದು. ಆದರೂ ಕಲ್‌ರಾಸ್ ಬಿಲ್ಡಿಂಗ್ಸ್ ಅನ್ನುವ ಹಳೇ ವಸತಿ ಕಟ್ಟಡ ಹೋಯಿತು. ಕ್ಲಬ್ಬಿನವರು, ಸಣ್ಣ ಪುಟ್ಟ ಉದ್ಯೋಗದವರು ಎದ್ದು ಹೋಗಬೇಕಾಯಿತು.

ದೊಡ್ಡ ಅನ್ಯಾಯ ಆದದ್ದು ಅದಕ್ಕಿಂತ ಬಹಳ ಹಿಂದೆ. 1860ರ ದಶಕದಲ್ಲಿ ಸೇಂಟ್ ಪ್ಯಾಂಕ್ರಾಸಿಗೆ ರೈಲು ತರುವಾಗ ಏಗರ್ ಟೌನ್ ಅನ್ನುವ ಬಡವರ ಕೇರಿಯನ್ನೇ ಅಳಿಸಿಹಾಕಿದರು. ಸಾವಿರಾರು ಜನ ಮನೆ ಕಳೆದುಕೊಂಡರು. ಬಾಡಿಗೆಗೆ ಇದ್ದವರು, ಹಾಗಾಗಿ ಪರಿಹಾರವೂ ಇಲ್ಲ. ರೈಲು ದಾರಿಗೆ ಅಡ್ಡ ಬಂದ ಸ್ಮಶಾನದ ಗೋರಿಗಳನ್ನೂ ಅಗೆದರು. ಇವತ್ತು 67 ಎಕರೆಯಲ್ಲಿ ಎಬ್ಬಿಸಲು ಜಾಸ್ತಿ ಜನ ಇರಲಿಲ್ಲ ಅಂದರೆ, ಆ ಸುತ್ತಿನ ಬಡವರನ್ನು ರೈಲು ಬರುವಾಗಲೇ ಎಬ್ಬಿಸಿಯಾಗಿತ್ತು ಅನ್ನುವುದನ್ನೂ ಸೇರಿಸಿಯೇ ಹೇಳಬೇಕು.

ಬಡವರಿಗೆ ಅಲ್ಲಿ ಮನೆ ಸಿಗುತ್ತಾ?

ಕೆಲವರಿಗೆ. ಕಡಿಮೆ ಬಾಡಿಗೆಯ ಮನೆಗಳಿವೆ, ವಯಸ್ಸಾದವರಿಗೆ ಮನೆಗಳಿವೆ, ವಿದ್ಯಾರ್ಥಿಗಳಿಗೂ ಇವೆ. ಆದರೆ ಅನುಮತಿ ಕೊಡುವಾಗ ಒಪ್ಪಿಕೊಂಡಿದ್ದಕ್ಕಿಂತ ಅಗ್ಗದ ಮನೆಗಳ ಪಾಲು ಆಮೇಲೆ ಕಡಿಮೆಯಾಯಿತು. ಸರ್ಕಾರದ ಅನುದಾನ ಕಡಿಮೆಯಾಯಿತು, ಹಾಗಾಗಿ ಷರತ್ತು ಬದಲಿಸಿದರು. ಮಾರುಕಟ್ಟೆ ಬೆಲೆಯ ಫ್ಲಾಟು ಸಾಮಾನ್ಯ ಸಂಬಳದವರ ಕೈಗೆ ಎಟುಕುವುದಿಲ್ಲ. ಒಳ್ಳೆಯ ಯೋಜನೆಯಲ್ಲೂ ಮೊದಲು ಕತ್ತರಿ ಬೀಳುವುದು ಬಡವರ ಮನೆಗೆ.

ಶಾಲೆ?

ಇದೆ, ಮತ್ತು ಇದು ನನಗೆ ಹೆಮ್ಮೆಯಿಂದ ಹೇಳಬೇಕು ಅನಿಸುವ ವಿಷಯ. ಕಿಂಗ್ಸ್ ಕ್ರಾಸ್ ಅಕಾಡೆಮಿ ಅನ್ನುವ ಪ್ರೈಮರಿ ಶಾಲೆ ಮತ್ತು ಫ್ರಾಂಕ್ ಬಾರ್ನ್ಸ್ ಅನ್ನುವ ಕಿವುಡ ಮಕ್ಕಳ ಶಾಲೆ, ಎರಡೂ ಒಂದೇ ಕಟ್ಟಡದಲ್ಲಿವೆ. ಮೇಲೆ ಜನ ವಾಸ ಮಾಡುತ್ತಾರೆ. ಕಿವಿ ಕೇಳುವ ಮಕ್ಕಳೂ ಸಂಜ್ಞೆ ಭಾಷೆ ಕಲಿಯುತ್ತಾರೆ, ಆಟದ ಹೊತ್ತಿನಲ್ಲಿ ಕೈಯಲ್ಲೇ ಮಾತಾಡುತ್ತಾರೆ.

ಸ್ಥಳೀಯರಿಗೆ ಕೆಲಸ ಸಿಕ್ಕಿತಾ?

ಕಟ್ಟಡದ ಕೆಲಸ ಕಲಿಸಲು ಅಲ್ಲೇ ಒಂದು ತರಬೇತಿ ಕೇಂದ್ರ ಮಾಡಿದರು, ಕ್ಯಾಮ್ಡನ್ ಕೌನ್ಸಿಲ್ ಅದನ್ನು ನಡೆಸುತ್ತದೆ. ಸುತ್ತಲಿನ ಹುಡುಗರು ಪ್ಲಂಬಿಂಗ್, ಮರಗೆಲಸ, ಎಲೆಕ್ಟ್ರಿಕಲ್ ಕೆಲಸಕ್ಕೆ ಹಾಗೆ ಬಂದರು. ಅನುಮತಿಯ ಷರತ್ತಿನಲ್ಲೇ ಬರೆಸಿದ್ದರಿಂದ ಇದಾಯಿತು, ಬಾಯಿ ಮಾತಾಗಿದ್ದರೆ ಆಗುತ್ತಿರಲಿಲ್ಲ. ಗೂಗಲ್‌ನಂಥ ಕಂಪನಿಗಳ ಕೆಲಸ ಪಕ್ಕದ ಕೇರಿಯ ಹುಡುಗರಿಗೆ ಅಷ್ಟು ಸುಲಭಕ್ಕೆ ಸಿಗುವುದಿಲ್ಲ.

ಗೂಗಲ್ ಕಟ್ಟಡ ನಿಜವಾಗಿ ಅಷ್ಟು ದೊಡ್ಡದಾ?

ಉದ್ದ ಸುಮಾರು 330 ಮೀಟರ್, 11 ಮಹಡಿ. ಅಲ್ಲೇ ಲಂಡನ್ನಿನಲ್ಲಿರುವ ಶಾರ್ಡ್ ಗೋಪುರವನ್ನು ಮಲಗಿಸಿದರೂ ಅದಕ್ಕಿಂತ ಇದೇ ಸ್ವಲ್ಪ ಹೆಚ್ಚು ಉದ್ದ.

ಆ ರಸ್ತೆಗಳು ಸಾರ್ವಜನಿಕರದ್ದಾ, ಕಂಪನಿಯದ್ದಾ?

ಇದು ಮುಖ್ಯವಾದ ಪ್ರಶ್ನೆ, ಆದರೆ ಕೇಳುವವರು ಕಡಿಮೆ. ಓಡಾಡಲು ಎಲ್ಲರಿಗೂ ಬಿಟ್ಟಿದ್ದಾರೆ. ಗೇಟಿಲ್ಲ, ಆಧಾರ್ ತೋರಿಸಿ ಅನ್ನುವವರಿಲ್ಲ. ಆದರೆ ಕಣಜದ ಮುಂದಿನ ಚೌಕ ಸೇರಿ ಬಹುಪಾಲು ಜಾಗದ ಒಡೆತನ ಖಾಸಗಿಯವರದ್ದು, ಕಾವಲು ಕೂಡ ಅವರದ್ದೇ. ಅಲ್ಲಿ ಧರಣಿ ಕೂರಬಹುದಾ, ಮೈಕ್ ಹಿಡಿದು ಮಾತಾಡಬಹುದಾ, ರಾತ್ರಿ ಮನೆಯಿಲ್ಲದವನು ಮಲಗಬಹುದಾ ಅಂದರೆ ಉತ್ತರ ಕೊಡುವವರು ಅವರು.

2019ರಲ್ಲಿ ಒಂದು ವಿಷಯ ಹೊರಬಂತು. ಅಲ್ಲಿನ ಕ್ಯಾಮೆರಾಗಳಲ್ಲಿ ಜನರ ಮುಖ ಗುರುತಿಸುವ ತಂತ್ರಜ್ಞಾನ ಹಾಕಿದ್ದರು. 2016ರಿಂದ 2018ರವರೆಗೆ ಅದು ನಡೆದಿತ್ತು, ನಡೆದು ಹೋಗುವ ಸಾಮಾನ್ಯ ಜನರಿಗೆ ಗೊತ್ತೇ ಇರಲಿಲ್ಲ. ಸುದ್ದಿಯಾದ ಮೇಲೆ ಗಲಾಟೆ ಎದ್ದಿತು, ಮಾಹಿತಿ ರಕ್ಷಣೆಯ ಸರ್ಕಾರಿ ಆಯೋಗ ತನಿಖೆ ಶುರು ಮಾಡಿತು, ಮಾಲೀಕರು ಇನ್ನು ಮುಂದೆ ಬಳಸುವುದಿಲ್ಲ ಅಂದರು. ನೋಡಿ, ಅಷ್ಟು ಚೆಂದದ ಚೌಕ, ಅಷ್ಟು ಒಳ್ಳೆ ಕಾರಂಜಿ, ಮಕ್ಕಳು ಆಡುವ ಜಾಗ. ಮೇಲಿನಿಂದ ಮಾತ್ರ ಯಾರ ಮುಖ ಯಾರದ್ದು ಅಂತ ಯಂತ್ರ ನೋಡುತ್ತಿತ್ತು. ನಮ್ಮ ಗೋಪಿ ಸರ್ಕಲ್ಲಿನಲ್ಲಿ ನಿಂತು ಯಾರು ಬೇಕಾದರೂ ಘೋಷಣೆ ಕೂಗುತ್ತಾರೆ, ಟ್ರಾಫಿಕ್ ಜಾಮ್ ಆಗುತ್ತದೆ ಅಂತ ನಾವು ಬೈದುಕೊಳ್ಳುತ್ತೇವೆ. ಆ ಸರ್ಕಲ್ಲು ಒಂದು ಕಂಪನಿಯದ್ದಾದರೆ ಏನಾಗುತ್ತದೆ ಅಂತ ಯೋಚನೆ ಮಾಡಿ.

ಮರ, ನೀರು, ಹಕ್ಕಿ ಇತ್ಯಾದಿ?

ಕಾಲುವೆಯ ಪಕ್ಕದಲ್ಲಿ ಕ್ಯಾಮ್ಲಿ ಸ್ಟ್ರೀಟ್ ನ್ಯಾಚುರಲ್ ಪಾರ್ಕ್ ಅಂತ 2 ಎಕರೆ ಕಾಡು ಇದೆ. ಅದು ಹಿಂದೆ ಕಲ್ಲಿದ್ದಲು ಯಾರ್ಡು. 1980ರ ದಶಕದಲ್ಲಿ ಸ್ಥಳೀಯರು ಹೋರಾಡಿ ಉಳಿಸಿಕೊಂಡದ್ದು, ಈ ಯೋಜನೆ ಬರುವುದಕ್ಕೂ ಎಷ್ಟೋ ಮೊದಲು. ಕೆರೆ, ಜೊಂಡು, ಕಪ್ಪೆ, ಹಕ್ಕಿ ಎಲ್ಲ ಇವೆ. ಮಲೆನಾಡಿನವರಿಗೆ 2 ಎಕರೆ ಕಾಡು ಅಂದರೆ ನಗು ಬರಬಹುದು. ಆ ಊರಿನ ನಡುವೆ ನಿಂತಾಗ ನಗು ಬರುವುದಿಲ್ಲ.

ಇನ್ನೊಂದು ಒಳ್ಳೆ ಕೆಲಸ ಅಂದರೆ, ಕಟ್ಟಡ ಏಳುವಾಗ ಖಾಲಿ ಇದ್ದ ಜಾಗದಲ್ಲಿ ಒಂದು ತೋಟ ಮಾಡಿದ್ದರು. ಕಟ್ಟಡದ ಕಸ ತುಂಬುವ ಕಬ್ಬಿಣದ ತೊಟ್ಟಿಗಳಲ್ಲಿ ಮಣ್ಣು ಹಾಕಿ ತರಕಾರಿ ಬೆಳೆದರು. ಕೆಲಸ ಆ ಕಡೆ ಬಂದಾಗ ತೊಟ್ಟಿಗಳನ್ನು ಎತ್ತಿ ಇನ್ನೊಂದು ಕಡೆ ಇಟ್ಟರು. ಸುತ್ತಲಿನ ಮಕ್ಕಳು ಅಲ್ಲಿ ಕೈ ಮಣ್ಣು ಮಾಡಿಕೊಂಡರು. ಹತ್ತಾರು ವರ್ಷ ಬೇಲಿ ಹಾಕಿ ಜಾಗ ಮುಚ್ಚಿಡಬೇಕಿಲ್ಲ ಅನ್ನುವುದಕ್ಕೆ ಇದು ಸಾಕ್ಷಿ.

ಕಾರ್ ಪಾರ್ಕಿಂಗ್?

ತುಂಬಾ ಕಡಿಮೆ. ಬೇಕಂತಲೇ ಕಡಿಮೆ ಇಟ್ಟಿದ್ದಾರೆ. ಅಷ್ಟು ರೈಲು, ಬಸ್ಸು ಇರುವಾಗ ಬೇಕಾಗಿಲ್ಲ. ಬಸ್ಸು ಸರಿ ಮಾಡದೆ ಪಾರ್ಕಿಂಗ್ ಮಾತ್ರ ಕಡಿಮೆ ಮಾಡಿದರೆ ನಮ್ಮೂರಲ್ಲಿ ಜನ ಬೀದಿಯಲ್ಲೇ ನಿಲ್ಲಿಸುತ್ತಾರೆ.

ಮಗಳು ಲಂಡನ್ನಿಗೆ ಓದಲು ಹೋಗುತ್ತಿದ್ದಾಳೆ, ಅಲ್ಲೇ ರೂಮು ಮಾಡಿದರೆ ಹೇಗೆ?

ಯುಸಿಎಲ್ ವಿಶ್ವವಿದ್ಯಾಲಯದಲ್ಲೋ ಸೆಂಟ್ರಲ್ ಸೇಂಟ್ ಮಾರ್ಟಿನ್ಸ್‌ನಲ್ಲೋ ಸೀಟು ಸಿಕ್ಕಿದ್ದರೆ ನಡೆದು ಹೋಗಬಹುದಾದ ದೂರ. ಆದರೆ ಬಾಡಿಗೆ ವಿಪರೀತ. ಮೊದಲ ವರ್ಷ ಕಾಲೇಜಿನ ಹಾಸ್ಟೆಲ್ಲಿಗೇ ಅರ್ಜಿ ಹಾಕಿ, ಆಮೇಲೆ ಮೆಟ್ರೊ ಲೈನ್ ಹಿಡಿದು ಸ್ವಲ್ಪ ದೂರದಲ್ಲಿ ನಾಲ್ಕೈದು ಜನ ಸೇರಿ ಮನೆ ಮಾಡುವುದು ಒಳ್ಳೆಯದು. ರೂಮನ್ನು ಅಲ್ಲಿಗೆ ಹೋದ ಮೇಲೆ ನೋಡೋಣ ಅಂತ ಇಲ್ಲಿಂದಲೇ ಮುಂಗಡ ಹಣ ಕಳಿಸಬೇಡಿ, ರೂಮು ಕಣ್ಣಾರೆ ನೋಡದೆ ದುಡ್ಡು ಹಾಕಿ ಕಳೆದುಕೊಂಡವರು ತುಂಬಾ ಜನ ಇದ್ದಾರೆ.

ಊಟದ ಚಿಂತೆ ಬೇಡ. ಯೂಸ್ಟನ್ ಸ್ಟೇಷನ್ನಿನ ಆಚೆ ಡ್ರಮಂಡ್ ಸ್ಟ್ರೀಟ್ ಅಂತ ಇದೆ, ನಡೆದೇ ಹೋಗಬಹುದು, ಅಲ್ಲಿ ನಮ್ಮ ದೇಶದ ಸಸ್ಯಾಹಾರಿ ಹೋಟೆಲುಗಳ ಸಾಲೇ ಇದೆ. ಮನೆಯಿಂದ ಚಟ್ನಿಪುಡಿ, ಸಾರಿನ ಪುಡಿ, ಅಪ್ಪೆಮಿಡಿ ಉಪ್ಪಿನಕಾಯಿ ಕಟ್ಟಿಕೊಡಿ. ಉಪ್ಪಿನಕಾಯಿ ಮಾತ್ರ ಸರಿಯಾಗಿ ಸೀಲ್ ಮಾಡಿ.

ಸುಮ್ನೆ ನೋಡಲು ಹೋಗಬಹುದಾ?

ಹೋಗಬಹುದು, ಎಲ್ಲ ಬಿಟ್ಟಿ. ಹೀಥ್ರೂ ವಿಮಾನ ನಿಲ್ದಾಣದಿಂದ ಪಿಕಾಡಿಲಿ ಲೈನ್ ಹತ್ತಿದರೆ ಬದಲಾಯಿಸದೆ ಬಂದು ಇಳಿಯಬಹುದು, ಒಂದು ಗಂಟೆಯ ಹತ್ತಿರ ಬೇಕು. ಕಾಲುವೆಯ ದಡದಿಂದ ಶುರು ಮಾಡಿ ಕಣಜ, ಗ್ಯಾಸ್ ಹೋಲ್ಡರ್, ಕ್ಯಾಮ್ಲಿ ಸ್ಟ್ರೀಟ್ ಹೀಗೆ ಹೋಗಿ. ಹತ್ತಿರದಲ್ಲೇ ಬ್ರಿಟಿಷ್ ಲೈಬ್ರರಿ ಇದೆ, ಅದನ್ನು ಬಿಡಬೇಡಿ.

ಭದ್ರಾವತಿಯಲ್ಲಿ ಹೀಗೆ ಮಾಡಬಹುದಾ?

ಮೊದಲು ಒಂದು ಮಾತು. ಕಾರ್ಖಾನೆ ನಡೆಸಲು ಸಾಧ್ಯ ಇದ್ದರೆ ನಡೆಸಬೇಕು. ಅದಕ್ಕಾಗಿ ಹೋರಾಡುವವರ ಜೊತೆ ನಾನಿದ್ದೇನೆ. ಕೆಲಸಕ್ಕೆ ಪಾರ್ಕು ಬದಲಿಯಲ್ಲ. ಕಿಂಗ್ಸ್ ಕ್ರಾಸಿನಲ್ಲಿ ಗೂಡ್ಸ್ ಯಾರ್ಡು ಮತ್ತೆ ಬರುವ ಮಾತೇ ಇರಲಿಲ್ಲ, ನಮ್ಮಲ್ಲಿ ಉಕ್ಕಿನ ಮಾತು ಇನ್ನೂ ಮುಗಿದಿಲ್ಲ.

ಎರಡನೆಯದು, ಅದು ಲಂಡನ್. ಎರಡು ದೊಡ್ಡ ಸ್ಟೇಷನ್, ಪಕ್ಕದಲ್ಲಿ ವಿಶ್ವವಿದ್ಯಾಲಯ, ಸುತ್ತ ಹಣ. ಭದ್ರಾವತಿಯಲ್ಲಿ ಆಫೀಸು ಕಟ್ಟಿದರೆ ಗೂಗಲ್ ಬರುತ್ತದೆ ಅಂತ ಯಾರಾದರೂ ಹೇಳಿದರೆ ಅದು ಸುಳ್ಳು. ಹಾಗಾಗಿ ಕಟ್ಟಡಗಳನ್ನು ನಕಲು ಮಾಡುವ ಆಸೆ ಬಿಡಬೇಕು.

ಕಲಿಯಬೇಕಾದ್ದು ಬೇರೆ ಇದೆ. ಬಳಕೆಯಲ್ಲಿಲ್ಲದ ಯಾವ ಯಂತ್ರ, ಯಾವ ಶೆಡ್ಡು, ಯಾವ ಚಿಮಣಿ ಉಳಿಯಬೇಕು ಅಂತ ಗುಜರಿಯವರು ಬರುವ ಮೊದಲೇ ಪಟ್ಟಿ ಆಗಬೇಕು. ಆ ಪಟ್ಟಿ ಮಾಡುವಾಗ ಅಲ್ಲಿ ದುಡಿದವರನ್ನು ಕೂರಿಸಬೇಕು, ಯಾವ ಕುಲುಮೆಯ ಮುಂದೆ ಯಾರು ನಿಂತಿದ್ದರು ಅಂತ ಅವರಿಗೇ ಗೊತ್ತು. ಕ್ವಾರ್ಟರ್ಸ್ ಪಾಳು ಬೀಳಲು ಬಿಡದೆ ರಿಪೇರಿ ಮಾಡಿ ಬಾಡಿಗೆಗೆ ಕೊಡಬೇಕು. ಜಾಗವನ್ನು ತುಂಡು ತುಂಡಾಗಿ ಮಾರಬಾರದು. ಮೊದಲು ತರಬೇತಿ ಕೇಂದ್ರವೋ ಕಾಲೇಜೋ ಬರಲಿ, ಲೋಹದ ಕೆಲಸ ಕಲಿಸಲು ಭದ್ರಾವತಿಗಿಂತ ಒಳ್ಳೆ ಜಾಗ ಎಲ್ಲಿದೆ? ಭದ್ರಾ ನದಿಯ ದಡ ಯಾರ ಕಾಂಪೌಂಡಿನ ಒಳಗೂ ಹೋಗಬಾರದು.

ಶಿವಮೊಗ್ಗದಲ್ಲಿ ಇಂಥದ್ದು ಏನಾದರೂ ಆಗಿದೆಯಾ?

ಸಣ್ಣ ಮಟ್ಟದಲ್ಲಿ, ಹೌದು. ಹಳೇ ಜೈಲಿನ ಆವರಣ ಫ್ರೀಡಂ ಪಾರ್ಕ್ ಆಯಿತು, ಈಗ ಅಲ್ಲಮಪ್ರಭು ಉದ್ಯಾನ. ಕಾಂಪ್ಲೆಕ್ಸ್ ಆಗದೆ ಜನರಿಗೇ ಉಳಿಯಿತಲ್ಲ, ಅದು ದೊಡ್ಡದು. 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೂ ಶಿವಮೊಗ್ಗ ಸೇರಿತು. ಆ ಕೆಲಸಗಳಲ್ಲಿ ಯಾವುದು ಚೆನ್ನಾಗಿದೆ, ಯಾವುದು ಇಲ್ಲ ಅಂತ ನಿಮ್ಮ ಓಣಿಯ ಚರಂಡಿ ಮಳೆಗಾಲದಲ್ಲಿ ಹೇಳುತ್ತದೆ.

ನಮ್ಮೂರಿಗೆ ಯೋಜನೆ ಬಂದರೆ ಕಾಗದಪತ್ರ ಎಲ್ಲಿ ಸಿಗುತ್ತದೆ?

ಕ್ಯಾಮ್ಡನ್ ಕೌನ್ಸಿಲಿನಲ್ಲಿ ಅರ್ಜಿ, ನಕ್ಷೆ, ಆಕ್ಷೇಪಣೆ ಎಲ್ಲ ಸಾರ್ವಜನಿಕ. ನಮ್ಮಲ್ಲೂ ದಾರಿ ಇದೆ, ನಡೆಯುವವರು ಕಡಿಮೆ. ಶಿವಮೊಗ್ಗ-ಭದ್ರಾವತಿ ನಗರಾಭಿವೃದ್ಧಿ ಪ್ರಾಧಿಕಾರ ಮಾಸ್ಟರ್ ಪ್ಲಾನ್ ಕರಡು ಪ್ರಕಟಿಸಿದಾಗ ಆಕ್ಷೇಪಣೆ ಹಾಕಲು ಕಾನೂನಿನಲ್ಲೇ ಅವಕಾಶ ಇದೆ. ಪತ್ರಿಕೆಯಲ್ಲಿ ಪ್ರಕಟಣೆ ಬಂದ ದಿನದಿಂದ ಲೆಕ್ಕ, ಕೊನೆ ದಿನ ನೋಡಿಕೊಂಡು ಬರೆದು ಕೊಡಿ, ಸ್ವೀಕೃತಿ ಪಡೆಯಿರಿ.

ಬೇರೆ ಕಾಗದಕ್ಕೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. 10 ರೂಪಾಯಿ ಶುಲ್ಕ, ಬಿಪಿಎಲ್ ಕಾರ್ಡಿನವರಿಗೆ ಅದೂ ಇಲ್ಲ. 30 ದಿನದಲ್ಲಿ ಉತ್ತರ ಕೊಡಬೇಕು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಹಾಗಾಗಿ ಬೇರೆ ಬೇರೆ ಅರ್ಜಿ ಹಾಕಿ: ಜಾಗದ ಒಡೆತನ ಯೋಜನೆ ಮುಗಿದ ಮೇಲೆ ಯಾರದ್ದು ಅನ್ನುವುದಕ್ಕೆ ಒಂದು, ಕಡಿಮೆ ಬಾಡಿಗೆ ಮನೆಗಳ ಷರತ್ತಿಗೆ ಒಂದು, ಸ್ಥಳೀಯರ ಉದ್ಯೋಗದ ಷರತ್ತಿಗೆ ಒಂದು, ರಸ್ತೆ ಮತ್ತು ನದಿ ದಡ ನಗರಸಭೆಗೆ ವಾಪಸ್ ಬರುತ್ತದಾ ಅನ್ನುವುದಕ್ಕೆ ಒಂದು. ಒಪ್ಪಂದದ ಪ್ರತಿಯನ್ನೇ ಕೇಳಿ, "ಮಾಹಿತಿ ಕೊಡಿ" ಅಂತ ಸುಮ್ನೆ ಬರೆದರೆ ಒಂದು ಸಾಲಿನ ಉತ್ತರ ಬರುತ್ತದೆ.